ಸೇಠ್‌ಜಿಯ ಬೀರುವಿನೊಳಗಿನ ಗಾಳಿ

ಸೌಕಾರ್‌ಪೇಟೆಯಲ್ಲಿ ಮನೆ ಮಾಡಿದ್ದೇವೆ ಅಂದಾಗ ಊರಿನವರು, ಆಫೀಸಿನವರು ಎಲ್ಲರೂ ಕೇಳಿದ್ದು ಒಂದೇ: "ಐಟಿಯವರು ಅಲ್ಲಿ ಹೋಗಿ ಏನ್ ಮಾಡ್ತೀರಿ?" ನಮ್ಮವರ ಆಫೀಸು ಪಾರ್ಕ್ ಟೌನಿನ ರೈಲ್ವೆ ಕಚೇರಿ, ನಡೆದೇ ಹೋಗಬಹುದು. ನನಗೆ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ, ಇನ್ನೆರಡು ದಿನ ಓಎಂಆರ್‌ಗೆ ಹೋಗಿಬರುವ ಶಿಕ್ಷೆ. ಮೊದಲ ವರ್ಷ ನನಗೂ ಈ ಜಾಗ ಕಷ್ಟವಾಯಿತು. ಮಿಂಟ್ ಸ್ಟ್ರೀಟಿನ ಜನಜಂಗುಳಿ, ಕೈಗಾಡಿ, ತಲೆಹೊರೆ, ಹಾರ್ನು ಎಲ್ಲ ದಾಟಿ ಮೆಟ್ಟಿಲು ಹತ್ತುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಆಮೇಲೆ ಒಗ್ಗಿಹೋಯಿತು. ಹೆಸರುಗಳೇ ನಮ್ಮವು ಅನ್ನಿಸತೊಡಗಿದವು. ಸೌಕಾರ್‌ಪೇಟೆ ಅಂದರೆ ಸಾಹುಕಾರರ ಪೇಟೆ, ಕನ್ನಡದವರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮಿಂಟ್ ಸ್ಟ್ರೀಟಿಗೆ ತಮಿಳಿನಲ್ಲಿ ತಂಗಸಾಲೈ ಅನ್ನುತ್ತಾರೆ. ಕಂಪನಿ ಸರಕಾರದ ನಾಣ್ಯ ಅಚ್ಚುಹಾಕುವ ಕಾರ್ಖಾನೆ ಇದ್ದ ಬೀದಿ, ನಮ್ಮ ಟಂಕಸಾಲೆಯೇ.

ನಮ್ಮ ಕಟ್ಟಡದ ಕೆಳಗಡೆ ಫ್ಯಾನ್ಸಿ ಸಾಮಾನಿನ ಹೋಲ್‌ಸೇಲ್ ಅಂಗಡಿ. ಒಡವೆಯ ಪಾರದರ್ಶಕ ಡಬ್ಬಿಗಳು, ಚಿನ್ನದ ಬಣ್ಣದ ಮಣಿಗಳು, ಮುತ್ತಿನಂಥ ಮಣಿಗಳು, ಚಮಕಿ, ಲೇಸು. ಮಾಲೀಕರು ಮಾರ್ವಾಡಿ, ಅರವತ್ತು ದಾಟಿದವರು. ಆದರೆ ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯಲ್ಲಿ. ಮೊದಲ ದಿನ ನಾನು ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡುತ್ತ ಮೆಟ್ಟಿಲಿಳಿದಾಗ ಕೌಂಟರಿನ ಹಿಂದಿನಿಂದ "ಕರ್ನಾಟಕದಾಗ ಯಾವೂರ್ರೀ ಅಕ್ಕಾರ?" ಎಂದು ದನಿ ಬಂತು. ನಾನು ಶಿವಮೊಗ್ಗದವಳು. ಚೆನ್ನೈನ ಮಧ್ಯದಲ್ಲಿ ಒಬ್ಬ ಮಾರ್ವಾಡಿ ಅಪ್ಪಟ ಹುಬ್ಬಳ್ಳಿ ಕನ್ನಡದಲ್ಲಿ ವಿಚಾರಿಸಿದ ಮೇಲೆ ನೆಂಟಸ್ತಿಕೆ ಬೆಳೆಯದೆ ಇದ್ದೀತೆ? ಅವರ ಮನೆಯಿಂದ ನಮಗೆ ಘೇವರ್, ನಮ್ಮ ಮನೆಯಿಂದ ಅವರಿಗೆ ಚಟ್ನಿಪುಡಿ.

ಈ ಸಲದ ಅಂಕಣ ಆ ಸೇಠ್‌ಜಿಯ ಬೀರುವಿನ ಬಗ್ಗೆ.

ಪೊಂಗಲ್ ಮುಗಿದ ವಾರ. ಮಾರ್ಗಳಿ ತಿಂಗಳಲ್ಲಿ ತಮಿಳರು ಮದುವೆ ಮಾಡುವುದಿಲ್ಲ. ತೈ ಹುಟ್ಟಿದೊಡನೆ ಮದುವೆಗಳ ಮೇಲೆ ಮದುವೆ. ಆ ವ್ಯಾಪಾರಕ್ಕೆಂದೇ ಸೇಠ್‌ಜಿ ದೀಪಾವಳಿಯ ನಂತರ ಮುಂಬೈಯಿಂದ ಮಾಲು ತರಿಸಿ ಅಟ್ಟದ ಮೇಲಿನ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಬೀಗದ ಕೈ ಅವರ ಸೊಂಟದಲ್ಲೇ. ಎರಡು ತಿಂಗಳ ಮೇಲೆ ತೆಗೆದು ನೋಡಿದರೆ ಮಾಲು ಕೆಟ್ಟಿದೆ. ಗಾಜಿನ ಹಾಗೆ ಹೊಳೆಯುತ್ತಿದ್ದ ಡಬ್ಬಿಗಳೆಲ್ಲ ಮಂಜು ಕವಿದಂತೆ ಬೆಳ್ಳಗಾಗಿವೆ. ಕೆಲವು ಮುಚ್ಚಳಗಳು ಸೊಟ್ಟಗಾಗಿವೆ. ಒಂದರ ಮೇಲೊಂದಿದ್ದವು ಅಂಟಿಕೊಂಡು ಬಿಡಿಸಲು ಬರುತ್ತಿಲ್ಲ. ಕನ್ನಡಿಯಂತಿದ್ದ ಚಿನ್ನದ ಮಣಿಗಳು ಮಾಸಲು ಹಿತ್ತಾಳೆಯ ಹಾಗೆ ಕಾಣುತ್ತಿವೆ.

ನಾನು ಹಾಲು ತರಲು ಕೆಳಗಿಳಿದಾಗ ಅಂಗಡಿಯಲ್ಲಿ ಕೂಗಾಟ. ಕೆಲಸದ ಹುಡುಗ, ವ್ಯಾಸರಪಾಡಿಯವನು, ಹತ್ತೊಂಬತ್ತೋ ಇಪ್ಪತ್ತೋ ಇರಬೇಕು, ಗೋಡೆಗೆ ಒರಗಿ ನಿಂತಿದ್ದ. ಬೀರು ತುಂಬಿಸಿದ ದಿನ ಅವನು ಅದರ ಮುಂದೆಯೇ ಕೂತು ಸ್ಟೀಲ್ ತಟ್ಟೆಗಳ ಮೇಲಿನ ಲೇಬಲ್ ಅಂಟನ್ನು ಥಿನ್ನರ್ ಹಾಕಿ ಉಜ್ಜಿದ್ದನಂತೆ.

"ಥಿನ್ನರ್ ಚೆಲ್ಲ್ಯಾನ್ರಿ ಅಕ್ಕಾರ. ಮತ್ತ ಹೇಳವಲ್ಲ. ಚೆಲ್ಲದ ಹಿಂಗ ಹೆಂಗ ಆಗ್ತೈತಿ ನೀವ ಹೇಳ್ರಿ."

ಹುಡುಗ ನನ್ನ ಕಡೆ ನೋಡಿ, "ನಾನ್ ಊತ್ತಲೈ ಅಕ್ಕಾ, ಸತ್ಯಮಾ" ಅಂದ. ನಾನು ಸುರಿದಿಲ್ಲ ಅಕ್ಕಾ, ಆಣೆಗೂ. ನಷ್ಟವನ್ನು ಅವನ ಸಂಬಳದಲ್ಲಿ ತಿಂಗಳು ತಿಂಗಳೂ ಹಿಡಿಯುವುದೆಂದು ಆಗಲೇ ತೀರ್ಮಾನವಾಗಿತ್ತು. ಪಕ್ಕದ ಅಂಗಡಿಯವರೊಬ್ಬರು ಸಮಾಧಾನಕ್ಕೆ ಬಂದು, ಇದು ಮಳೆಗಾಲದ ಶೀತ, ಚೆನ್ನೈ ಹವೆಗೆ ಎಲ್ಲವೂ ಹೀಗೇ ಹಾಳಾಗುವುದು ಅಂದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಒಂದು ಮುಚ್ಚಳ ಕೈಗೆತ್ತಿಕೊಂಡೆ. ಹೆಬ್ಬೆರಳು ಒತ್ತಿದ ಜಾಗದಲ್ಲಿ ನನ್ನ ಬೆರಳಿನ ಗೆರೆಗಳು ಮೂಡಿದವು. ಮೂಗಿನ ಹತ್ತಿರ ಹಿಡಿದೆ. ಥಿನ್ನರಿನ ವಾಸನೆಯಲ್ಲ, ಬೇರೇನೋ ಸಿಹಿಯಾದ, ರೈಲ್ವೆ ಸ್ಟೇಷನ್ನಿನ ಶೌಚಾಲಯ ನೆನಪಿಸುವ ವಾಸನೆ. ಹದಿನೈದು ವರ್ಷದ ಹಿಂದೆ ಬಿಟ್ಟುಬಂದ ಒಂದು ಪ್ರಯೋಗಾಲಯ ಇದ್ದಕ್ಕಿದ್ದಂತೆ ಕಣ್ಣ ಮುಂದೆ ಬಂತು.

ನಾನು ಓದಿದ್ದು ಮೈಸೂರಿನಲ್ಲಿ, ಪಾಲಿಮರ್ ವಿಷಯದಲ್ಲಿ ಎಂ.ಟೆಕ್. ಈಗ ಮಾಡುತ್ತಿರುವುದು ಬ್ಯಾಂಕಿನ ಸಾಫ್ಟ್‌ವೇರ್ ರಿಪೇರಿ. (ಎರಡಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಕ್ಯಾಂಪಸ್ಸಿಗೆ ಬಂದವರು ಯಾರು, ಮನೆಯಲ್ಲಿ ಸಾಲ ಎಷ್ಟಿತ್ತು ಎಂಬುದರ ಮೇಲೆ ನಮ್ಮ ತಲೆಮಾರಿನ ಎಷ್ಟೋ ಜನರ ವಿದ್ಯೆ ತೀರ್ಮಾನವಾಗಿದೆ.) ನನ್ನ ಪ್ರಬಂಧದ ವಿಷಯ: ದ್ರಾವಕದ ಆವಿಗೆ ಒಡ್ಡಿದಾಗ ಪಾಲಿಮರಿನ ತೆಳುಪದರದ ರಚನೆ ಹೇಗೆ ಬದಲಾಗುತ್ತದೆ. ಮದುವೆ ಗೊತ್ತು ಮಾಡಲು ಬಂದವರಿಗೆ ಅಪ್ಪ ಇದನ್ನು "ಪ್ಲಾಸ್ಟಿಕ್ ಸಂಶೋಧನೆ" ಎಂದು ಎರಡೇ ಪದದಲ್ಲಿ ಮುಗಿಸುತ್ತಿದ್ದರು.

ವಿಷಯ ಅಷ್ಟೇನೂ ಕಷ್ಟದ್ದಲ್ಲ. ಮಳೆಗಾಲದಲ್ಲಿ ಹಪ್ಪಳ ಕರಿದು ಡಬ್ಬಿ ಮುಚ್ಚಲು ಮರೆತರೆ ಏನಾಗುತ್ತದೆ? ಬೆಳಿಗ್ಗೆ ಮೆತ್ತಗಾಗಿರುತ್ತದೆ. ಅದರ ಮೇಲೆ ಯಾರೂ ನೀರು ಚಿಮುಕಿಸಿಲ್ಲ. ಗಾಳಿಯಲ್ಲಿದ್ದ ನೀರಿನ ಆವಿ ಒಳಗೆ ಸೇರಿಕೊಂಡಿದೆ, ಅಷ್ಟೆ. ಹಪ್ಪಳದ ಹಿಟ್ಟಿನಲ್ಲಿರುವ ಪಿಷ್ಟವೂ ಒಂದು ಪಾಲಿಮರೇ, ಅಂದರೆ ಸಾವಿರಾರು ಸಣ್ಣ ಕೊಂಡಿಗಳು ಸೇರಿ ಆದ ಉದ್ದನೆಯ ಸರಪಳಿ. ಒಣಗಿದಾಗ ಸರಪಳಿಗಳು ಒಂದರೊಳಗೊಂದು ಸಿಕ್ಕಿಕೊಂಡು ಅಲ್ಲಾಡದೆ ನಿಂತಿರುತ್ತವೆ, ಒಣ ಶಾವಿಗೆಯ ಕಟ್ಟಿನ ಹಾಗೆ. ಮುರಿದರೆ ಚಟ್ ಅನ್ನುತ್ತದೆ. ನೀರಿನ ಕಣಗಳು ನಡುವೆ ನುಸುಳಿದರೆ ಸರಪಳಿಗಳಿಗೆ ಮಿಸುಕಾಡಲು ಜಾಗ ಸಿಗುತ್ತದೆ. ಆಗ ಮುರಿಯುವುದಿಲ್ಲ, ಬಾಗುತ್ತದೆ. ಮಿಂಟ್ ಸ್ಟ್ರೀಟಿನಲ್ಲಿ ಮುರುಕ್ಕು ಸ್ಯಾಂಡ್‌ವಿಚ್ ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಕೈಗೆ ಕೊಟ್ಟ ತಕ್ಷಣ ತಿನ್ನದೆ ಫೋಟೋ ತೆಗೆಯುತ್ತ ನಿಂತರೆ ಗದರಿಸುತ್ತಾರೆ.

ಒಡವೆ ಡಬ್ಬಿಯ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅಗ್ಗ, ಗಾಜಿನಷ್ಟು ಸ್ವಚ್ಛ, ಬಿದ್ದರೆ ಚೂರು. ಇದನ್ನು ಮೆತ್ತಗೆ ಮಾಡಬೇಕಾದರೆ ಸುಮಾರು 100 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಬೇಕು. ಅದಕ್ಕಿಂತ ಕೆಳಗೆ ಅದು ಗಾಜಿನ ಸ್ಥಿತಿಯಲ್ಲಿರುತ್ತದೆ, ಸರಪಳಿಗಳು ಹೆಪ್ಪುಗಟ್ಟಿರುತ್ತವೆ. ನೀರಿನ ಆವಿಗೆ ಇದು ಸೊಪ್ಪು ಹಾಕುವುದಿಲ್ಲ. ಆದರೆ ಟಾಲೂಯಿನ್‌ನಂಥ ದ್ರಾವಕದ ಆವಿ ಇದರೊಳಗೆ ಸಲೀಸಾಗಿ ನುಗ್ಗುತ್ತದೆ. ಎರಡರ ಅಣುಗಳಲ್ಲೂ ಬೆಂಜೀನ್ ಉಂಗುರವಿದೆ, ಜಾತಿ ಜಾತಿ ಕೂಡಿತು ಅನ್ನಿ. ಸಾಕಷ್ಟು ಆವಿ ಒಳಗೆ ಸೇರಿದ ಮೇಲೆ ಮೆತ್ತಗಾಗಲು ಬೇಕಾದ ಉಷ್ಣತೆ 100ರಿಂದ ಇಳಿಯುತ್ತ ಇಳಿಯುತ್ತ ಕೋಣೆಯ ಉಷ್ಣತೆಗಿಂತ ಕೆಳಗೆ ಬರುತ್ತದೆ. ಒಲೆ ಹಚ್ಚದೆಯೇ ಪ್ಲಾಸ್ಟಿಕ್ ಬೆಂದಂತಾಯಿತು.

ಹೀಗೆ ಬಿಡುಗಡೆಯಾದ ಸರಪಳಿ ಹೇಗೆ ಚಲಿಸುತ್ತದೆ ಎಂಬುದಕ್ಕೆ ಫ್ರಾನ್ಸಿನ ಪಿಯರ್-ಜಿಲ್ ದ ಜೆನ್ 1971ರಲ್ಲಿ ಒಂದು ಚಿತ್ರ ಕೊಟ್ಟರು. ಸುತ್ತ ಸಿಕ್ಕಿರುವ ಬೇರೆ ಸರಪಳಿಗಳ ನಡುವೆ ಅದು ಪಕ್ಕಕ್ಕೆ ಸರಿಯಲಾರದು. ಹಾವು ಪೊದೆಯಲ್ಲಿ ತೆವಳಿದಂತೆ ತನ್ನುದ್ದಕ್ಕೇ ಮುಂದೆ ಜಾರಬೇಕು. 1991ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ನಮ್ಮ ಮೇಷ್ಟ್ರು ಇದನ್ನು ಪಾಠ ಮಾಡುವಾಗ ಹಾವಿನ ಬದಲು ಲಂಗದ ಲಾಡಿ ಪೋಣಿಸುವುದರ ಉದಾಹರಣೆ ಕೊಡುತ್ತಿದ್ದರು. ಈಗಲೂ ನನಗೆ ಅದೇ ಹೆಚ್ಚು ಸರಿ ಅನ್ನಿಸುತ್ತದೆ.

ತೆಳುಪದರದ ಸಂಗತಿ ಇನ್ನೂ ಸೊಗಸು. ಪಾಲಿಸ್ಟೈರೀನನ್ನು ಟಾಲೂಯಿನ್‌ನಲ್ಲಿ ಕರಗಿಸಿ ಸಿಲಿಕಾನ್ ಬಿಲ್ಲೆಯ ಮೇಲೆ ಹನಿಸಿ ಗರಗರ ತಿರುಗಿಸಿದರೆ ಬಿಲ್ಲೆಯ ಮೇಲೆ ಕೆಲವೇ ಹತ್ತು ನ್ಯಾನೊಮೀಟರ್ ದಪ್ಪದ ಪದರ ಉಳಿಯುತ್ತದೆ. ತಲೆಗೂದಲಿನ ದಪ್ಪ ಸುಮಾರು ಎಂಬತ್ತು ಸಾವಿರ ನ್ಯಾನೊಮೀಟರ್ ಎಂದರೆ ಹೋಲಿಕೆ ಸಿಕ್ಕೀತು. ಕಣ್ಣಿಗೆ ಕಾಣುವುದು ಅದರ ಬಣ್ಣ ಮಾತ್ರ, ಮಳೆನೀರಿನ ಮೇಲೆ ಬಿದ್ದ ಪೆಟ್ರೋಲಿನ ಬಣ್ಣದಂಥದ್ದು. ಬಿಲ್ಲೆಯನ್ನು ಗಾಜಿನ ಜಾಡಿಯಲ್ಲಿಟ್ಟು ಪಕ್ಕದಲ್ಲೊಂದು ಬಟ್ಟಲಲ್ಲಿ ಟಾಲೂಯಿನ್ ಇಟ್ಟು ಮುಚ್ಚಿ. ನೋಡನೋಡುತ್ತ ಬಣ್ಣ ಬದಲಾಗುತ್ತದೆ, ಪದರ ಆವಿ ಕುಡಿದು ಉಬ್ಬುತ್ತಿದೆ. ಮುಚ್ಚಳ ತೆಗೆದರೆ ಕ್ಷಣಗಳಲ್ಲಿ ಇಳಿದು ಹಳೆಯ ಬಣ್ಣಕ್ಕೆ ಬರುತ್ತದೆ. ಉಸಿರಾಡುವ ಹಾಗೆ. ನಾನು ಕೆಲಸ ಬಿಟ್ಟು ಇದನ್ನೇ ಗಂಟೆಗಟ್ಟಲೆ ನೋಡುತ್ತ ಕೂತದ್ದುಂಟು.

ಬೇಕೆಂದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಪದರ ಬಿಲ್ಲೆಯ ಮೇಲೆ ನಿಲ್ಲುವುದೇ ಇಲ್ಲ. ಪಾಲಿಸ್ಟೈರೀನಿಗೆ ಸಿಲಿಕಾನಿನ ಮೇಲೆ ಹರಡಿಕೊಂಡಿರುವುದು ಅಷ್ಟೇನೂ ಇಷ್ಟವಿಲ್ಲ, ಹೆಪ್ಪುಗಟ್ಟಿದ್ದರಿಂದ ಸುಮ್ಮನಿತ್ತು. ಮೆತ್ತಗಾದೊಡನೆ ಅಲ್ಲಲ್ಲಿ ದುಂಡಗೆ ತೂತು ಬೀಳುತ್ತದೆ. ತೂತುಗಳು ಅಗಲವಾಗಿ ಒಂದಕ್ಕೊಂದು ತಾಗಿ ಜೇನುಗೂಡಿನಂಥ ಬಲೆಯಾಗುತ್ತದೆ, ಬಲೆಯ ಎಳೆಗಳು ಹರಿದು ಕೊನೆಗೆ ಹನಿಗಳ ಸಾಲು ಉಳಿಯುತ್ತದೆ. ಎಣ್ಣೆ ಹಚ್ಚದ ದೋಸೆಕಲ್ಲಿನ ಮೇಲೆ ನೀರು ಚಿಮುಕಿಸಿದಾಗ ಅದು ಹರಡದೆ ಮಣಿಮಣಿಯಾಗುವ ಹಾಗೆ. ಕಾಯಿಸಿ ಮೆತ್ತಗೆ ಮಾಡಿದ ಪದರಗಳಲ್ಲಿ ಈ ಹಂತಗಳನ್ನು ಗುಂಟರ್ ರೈಟರ್ 1992ರಲ್ಲಿ ಕ್ರಮವಾಗಿ ವಿವರಿಸಿದರು. ನಮ್ಮ ದೇಶದಲ್ಲಿ ಈ ವಿದ್ಯೆಗೆ ದೊಡ್ಡ ಹೆಸರು ಐಐಟಿ ಕಾನ್ಪುರದ ಆಶುತೋಷ್ ಶರ್ಮಾ ಅವರದು. ನೀರು ಮತ್ತು ದ್ರಾವಕಗಳ ಮಿಶ್ರಣದಲ್ಲಿ ಪದರವನ್ನು ಮುಳುಗಿಸಿಟ್ಟರೆ ಕಾಯಿಸದೆಯೇ, ತೀರಾ ಪುಟ್ಟ ಹನಿಗಳಾಗಿ ಒಡೆಯುತ್ತದೆ, ಆ ಹನಿಗಳು ಮಸೂರಗಳಾಗಿ ಕೆಲಸಕ್ಕೆ ಬರುತ್ತವೆ ಎಂದು ತೋರಿಸಿದ್ದು ಅವರ ತಂಡ. 2010ರ ಇನ್ಫೋಸಿಸ್ ಪ್ರಶಸ್ತಿ ಬಂದಾಗ ನಮ್ಮ ಲ್ಯಾಬಿನಲ್ಲಿ ನಮಗೇ ಬಂದಷ್ಟು ಸಂಭ್ರಮ.

ಆವಿ ಹಾಳು ಮಾಡುವುದಷ್ಟೇ ಅಲ್ಲ, ಜೋಡಿಸುತ್ತದೆ ಕೂಡ. ಒಂದಕ್ಕೊಂದು ಆಗದ ಎರಡು ಪಾಲಿಮರುಗಳನ್ನು ಒಂದೇ ಸರಪಳಿಯಾಗಿ ಬೆಸೆದರೆ ಅವು ದೂರ ಹೋಗಲಾರವು, ಜಗಳವನ್ನೂ ಬಿಡಲಾರವು. ಕೂಡುಕುಟುಂಬದ ಹಾಗೆ. ತಿರುಗಿಸಿ ಪದರ ಮಾಡಿದಾಗ ಅಸ್ತವ್ಯಸ್ತವಾಗಿಯೇ ಹೆಪ್ಪುಗಟ್ಟಿರುತ್ತವೆ. ಹದವಾಗಿ ಆವಿ ಕೊಟ್ಟರೆ ನಿಧಾನಕ್ಕೆ ತಮ್ಮ ತಮ್ಮ ಜಾಗ ಹುಡುಕಿಕೊಂಡು, ಹತ್ತಿಪ್ಪತ್ತು ನ್ಯಾನೊಮೀಟರ್ ಅಂತರದಲ್ಲಿ ಸಾಲು ಸಾಲಾಗಿ, ಕಂಬ ಕಂಬವಾಗಿ ನಿಲ್ಲುತ್ತವೆ. ಇಷ್ಟು ಸಣ್ಣ ಗೆರೆಗಳು ತಾವಾಗಿಯೇ ಮೂಡುತ್ತವೆ ಅಂದಮೇಲೆ ಕಂಪ್ಯೂಟರ್ ಚಿಪ್ ಮಾಡುವವರು ಇದರ ಬೆನ್ನು ಬಿದ್ದದ್ದು ಆಶ್ಚರ್ಯವಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಆವಿ ಹೇಗೆ ಒಳಗೆ ಬಂತು ಎಂಬುದರಷ್ಟೇ ಮುಖ್ಯ ಅದು ಹೇಗೆ ಹೊರಗೆ ಹೋಯಿತು ಎಂಬುದು. ಥಟ್ಟನೆ ತೆಗೆದರೆ ಆ ಕ್ಷಣ ಇದ್ದ ರಚನೆ ಇದ್ದಂತೆಯೇ ಹೆಪ್ಪುಗಟ್ಟುತ್ತದೆ. ನಿಧಾನಕ್ಕೆ ತೆಗೆದರೆ ಹೋಗುತ್ತ ಹೋಗುತ್ತ ಮತ್ತೊಂದು ರಚನೆಯಾಗಬಹುದು. ಎರಡರಲ್ಲೂ ಕೊನೆಗೆ ದ್ರಾವಕ ಪೂರ್ತಿ ಹೊರಟುಹೋಗಿರುತ್ತದೆ. ಹುಡುಕಿದರೆ ಸಿಗುವುದಿಲ್ಲ. ಅದು ಮಾಡಿದ ಕೆಲಸ ಮಾತ್ರ ಉಳಿದಿರುತ್ತದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ಎಂ.ಟೆಕ್. ಎರಡನೇ ವರ್ಷ, ಪ್ರಬಂಧ ಒಪ್ಪಿಸಲು ಆರು ವಾರ ಇತ್ತು. ಒಂದು ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ನಾನು ಜೋಪಾನವಾಗಿ ಮುಚ್ಚಿಟ್ಟಿದ್ದ ಹನ್ನೆರಡು ಬಿಲ್ಲೆಗಳಲ್ಲೂ ತೂತು. ಶನಿವಾರ ಲ್ಯಾಬಿನಲ್ಲಿದ್ದವನು ಜೂನಿಯರ್ ಒಬ್ಬನೇ. ಎಲ್ಲರ ಮುಂದೆ ಅವನಿಗೆ ಬೈದೆ. ಕೈ ತೊಳೆಯದೆ ಮುಟ್ಟಿದೆ, ಏನೋ ಚೆಲ್ಲಿದೆ, ಈಗ ಸುಳ್ಳು ಹೇಳುತ್ತಿದ್ದೀಯ ಅಂದೆ. ಅವನು ಚಾಮರಾಜನಗರದ ಕಡೆಯವನು, ಮಾತು ಕಡಿಮೆ. "ಇಲ್ಲ ಅಕ್ಕ" ಅನ್ನುವುದು ಬಿಟ್ಟು ಬೇರೇನೂ ಹೇಳಲಿಲ್ಲ. ಎರಡು ದಿನದ ಮೇಲೆ ಆ ಕಪಾಟಿನ ಹಿಂಬದಿಯಲ್ಲಿ ಒಂದು ಸಣ್ಣ ಸೀಸೆ ಸಿಕ್ಕಿತು. ಮುಚ್ಚಳ ಸಡಿಲವಾಗಿತ್ತು, ಒಳಗೆ ಏನೂ ಇರಲಿಲ್ಲ, ಮೇಲೆ ನನ್ನದೇ ಅಕ್ಷರದಲ್ಲಿ ಟಾಲೂಯಿನ್ ಎಂದು ಬರೆದಿತ್ತು. ಶುಕ್ರವಾರ ಮನೆಗೆ ಹೊರಡುವ ಅವಸರದಲ್ಲಿ ನಾನೇ ಇಟ್ಟದ್ದು. ಸೀಸೆಯನ್ನು ತೊಳೆದು ಲೇಬಲ್ ಕಿತ್ತು ಬಿಸಾಡಿದೆ. ಯಾರಿಗೂ ಹೇಳಲಿಲ್ಲ. ಹೊಸ ಬಿಲ್ಲೆ ಮಾಡಿ ಪ್ರಬಂಧ ಮುಗಿಸಿದೆ, ಒಳ್ಳೆಯ ಅಂಕವೇ ಬಂತು.

ಹಾಗಾಗಿ ಸೇಠ್‌ಜಿಯ ಅಂಗಡಿಯಲ್ಲಿ ಆ ಹುಡುಗ ಗೋಡೆಗೆ ಒರಗಿ ನಿಂತದ್ದನ್ನು ನೋಡಿ ಹಾಲು ತೆಗೆದುಕೊಂಡು ಸುಮ್ಮನೆ ಮೆಟ್ಟಿಲು ಹತ್ತಲು ನನ್ನಿಂದ ಆಗಲಿಲ್ಲ.

"ಬೀರು ನೋಡಬಹುದಾ ಸೇಠ್‌ಜಿ?" ಎಂದು ಕೇಳಿದೆ.

ಅಟ್ಟಕ್ಕೆ ಹತ್ತಿದೆವು. ಕೆಳಗಿನ ಹಲಗೆಯ ಮೂಲೆಯಲ್ಲಿ, ಕಾಗದದ ಮೇಲೆ, ಗುಲಾಬಿ ಬಣ್ಣದ ನಾಲ್ಕು ಬಿಲ್ಲೆಗಳು ಸವೆದು ನಾಲ್ಕಾಣೆಯಷ್ಟಾಗಿ ಕೂತಿದ್ದವು. ಬಚ್ಚಲುಮನೆಯಲ್ಲಿ ನೇತುಹಾಕುವ ಪರಿಮಳದ ಬಿಲ್ಲೆ. ನವೆಂಬರಿನ ಮಳೆಗೆ ಓಣಿಯ ಚರಂಡಿ ಉಕ್ಕಿ ನಮ್ಮ ಕಟ್ಟಡವೆಲ್ಲ ನಾತ ಹೊಡೆದದ್ದು ನೆನಪಿತ್ತು. ಇಟ್ಟವರು ಯಾರೆಂದು ನಾನು ಕೇಳಲಿಲ್ಲ. ಬೀಗದ ಕೈ ಒಬ್ಬರ ಹತ್ತಿರವೇ ಇತ್ತಲ್ಲ.

ಈ ಬಗೆಯ ಬಿಲ್ಲೆಗಳನ್ನು ಬಹಳಷ್ಟು ಸಲ ಪ್ಯಾರಾ ಡೈಕ್ಲೋರೋಬೆಂಜೀನ್ ಎಂಬ ವಸ್ತುವಿನಿಂದ ಮಾಡುತ್ತಾರೆ. ಬೆಂಜೀನ್ ಉಂಗುರ, ಎದುರುಬದುರಾಗಿ ಎರಡು ಕ್ಲೋರಿನ್. ಕರಗಬೇಕಾದರೆ 53 ಡಿಗ್ರಿ ಬೇಕು. ಆದರೆ ನಮ್ಮ ಹವೆಯಲ್ಲಿ ಕರಗುವುದೇ ಇಲ್ಲ, ಕರ್ಪೂರದ ಹಾಗೆ ಗಟ್ಟಿಯಿಂದ ನೇರವಾಗಿ ಆವಿಯಾಗುತ್ತದೆ. ಒಂದು ಹನಿ ನೀರೂ ಕಾಣಿಸದೆ ಬಿಲ್ಲೆ ಸವೆಯುತ್ತ ಹೋಗುತ್ತದೆ. ಸವೆದದ್ದೆಲ್ಲ ಎಲ್ಲಿಗೆ ಹೋಯಿತು? ಬೀಗ ಹಾಕಿದ ಬೀರುವಿನಲ್ಲಿ ಎರಡು ತಿಂಗಳು. ಪಾಲಿಸ್ಟೈರೀನಿಗೆ ಇದರಷ್ಟು ಆಪ್ತ ಆವಿ ಬೇರೆ ಸಿಗಲಿಕ್ಕಿಲ್ಲ. ಹುಳುಹುಪ್ಪಟೆಗಳ ಸಂಗ್ರಹ ಮಾಡುವವರು ಪಾಲಿಸ್ಟೈರೀನ್ ಪೆಟ್ಟಿಗೆಯಲ್ಲಿ ಇದನ್ನು ಇಡಬೇಡಿ, ಪೆಟ್ಟಿಗೆಯೇ ಕರಗುತ್ತದೆ ಎಂದು ಒಬ್ಬರಿಗೊಬ್ಬರು ಎಚ್ಚರಿಸುವುದು ಇದಕ್ಕೇ.

ಸೇಠ್‌ಜಿ ಒಪ್ಪಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಒಪ್ಪುತ್ತಿರಲಿಲ್ಲ. "ಪರಿಮಳಕ್ಕ ಇಟ್ಟಿದ್ದು ಪ್ಲಾಸ್ಟಿಕ್ ತಿಂತೈತೇನ್ರಿ? ಮುಟ್ಟೇ ಇಲ್ಲಲ್ರಿ ಅದು. ಮ್ಯಾಲ ಮಾಲು ಎಲ್ಲಾ ಪಾಲಿಥೀನ್ ಕವರ್‌ನಾಗ ಪ್ಯಾಕ್ ಐತಿ, ಮುಂಬೈ ಸೀಲ್ ಒಡದಿಲ್ಲ."

ಸೀಲ್ ಒಡೆದಿಲ್ಲ ಅಂದದ್ದೇ ನನಗೆ ಬೇಕಾಗಿತ್ತು. ಥಿನ್ನರಿನ ಆವಿಯೂ ಪಾಲಿಸ್ಟೈರೀನನ್ನು ಮೆತ್ತಗೆ ಮಾಡುತ್ತದೆ, ಅದನ್ನು ನಾನು ಅಲ್ಲಗಳೆಯುವಂತಿರಲಿಲ್ಲ. ಆದರೆ ಹುಡುಗ ಥಿನ್ನರ್ ಚೆಲ್ಲಿದ್ದರೆ ಅದು ಕವರಿನ ಹೊರಗೆ ಹರಿದು ಹೋಗಬೇಕಿತ್ತು, ಒಳಗಿನ ಡಬ್ಬಿಗೆ ತಾಗುತ್ತಿರಲಿಲ್ಲ. ಅಟ್ಟದ ತೆರೆದ ಗಾಳಿಯಲ್ಲಿ ಒಂದು ಮಧ್ಯಾಹ್ನ ಎದ್ದ ಆವಿ ಎರಡು ತಿಂಗಳು ನಿಲ್ಲುವುದೂ ಇಲ್ಲ. ಹಾಗಾದರೆ ಬಿಲ್ಲೆಯ ಆವಿ ಕವರಿನೊಳಗೆ ಹೇಗೆ ಹೋಯಿತು? ಪಾಲಿಥೀನ್ ನೀರನ್ನು ತಡೆಯುತ್ತದೆ, ಇಂಥ ಆವಿಗಳನ್ನು ಅಷ್ಟಾಗಿ ತಡೆಯುವುದಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಒಂದು ಹೊಸ ಕವರಿನಲ್ಲಿ ಬಿಲ್ಲೆಯೊಂದನ್ನು ಹಾಕಿ ಗಂಟು ಕಟ್ಟಿ, ಹೊರಗಡೆ ಒರೆಸಿ, ಇನ್ನೊಂದು ದೊಡ್ಡ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಿದೆ. ಸಂಜೆ ಮುಚ್ಚಳ ತೆಗೆದು ಹುಡುಗನ ಮೂಗಿಗೆ ಹಿಡಿದೆ. ಅವನು ಮುಖ ಕಿವುಚಿ ನಕ್ಕ. ಸೇಠ್‌ಜಿಯೂ ಮೂಸಿದರು, ಏನೂ ಹೇಳಲಿಲ್ಲ.

ಉಳಿದದ್ದಕ್ಕೆ ಹತ್ತು ದಿನ ಕೇಳಿದೆ. ಅಲ್ಲಿಯವರೆಗೆ ಸಂಬಳ ಹಿಡಿಯಬಾರದು ಎಂದು ಮಾತು ತೆಗೆದುಕೊಂಡೆ. ಮುಂಬೈಯಿಂದ ಬಂದ ಇನ್ನೊಂದು ಪೆಟ್ಟಿಗೆ ಕೆಳಗೆ ಅಂಗಡಿಯಲ್ಲೇ ಇತ್ತು, ಅದರ ಡಬ್ಬಿಗಳು ಚೆನ್ನಾಗಿದ್ದವು. ಅದರಿಂದ ನಾಲ್ಕು ಮುಚ್ಚಳ ತಂದು ದಾರ ಕಟ್ಟಿ ನಾಲ್ಕು ಸ್ಟೀಲ್ ಡಬ್ಬಿಗಳಲ್ಲಿ ತೂಗುಹಾಕಿದೆ. ಒಂದರಲ್ಲಿ ಏನೂ ಇಲ್ಲ. ಒಂದರಲ್ಲಿ ಒದ್ದೆ ಹತ್ತಿ, ಚೆನ್ನೈ ಶೀತದ ಪರವಾಗಿ. ಒಂದರಲ್ಲಿ ಅಮ್ಮ ರೇಷ್ಮೆ ಸೀರೆಗೆ ಇಡುವ ನುಸಿಗುಳಿಗೆ, ಅಂದರೆ ನ್ಯಾಫ್ತಲೀನ್. ಕೊನೆಯದರಲ್ಲಿ ಗುಲಾಬಿ ಬಿಲ್ಲೆ. ನಮ್ಮವರು ಅಡುಗೆಮನೆಯಲ್ಲಿ ಮಸಾಲೆಡಬ್ಬಿಗಳು ಕಾಣೆಯಾದದ್ದನ್ನು ಎರಡನೇ ದಿನವೇ ಗಮನಿಸಿದರು.

ನಾಲ್ಕನೇ ದಿನ ಗುಲಾಬಿ ಡಬ್ಬಿಯ ಮುಚ್ಚಳ ಬೆರಳಿಗೆ ಅಂಟುತ್ತಿತ್ತು. ಎಂಟನೇ ದಿನ ದಾರ ಕಟ್ಟಿದ ಕಡೆ ತನ್ನ ಭಾರಕ್ಕೇ ಬಾಗಿ ಅಂಚೆಲ್ಲ ಬೆಳ್ಳಗಾಗಿತ್ತು. ನುಸಿಗುಳಿಗೆಯದು ಹೊಳಪು ಸ್ವಲ್ಪ ಕಂದಿದ್ದು ಬಿಟ್ಟರೆ ಗಟ್ಟಿಯಾಗಿಯೇ ಇತ್ತು. ಅದರ ಆವಿ ಬಹಳ ಕಡಿಮೆ. ಒದ್ದೆ ಹತ್ತಿಯದೂ ಖಾಲಿ ಡಬ್ಬಿಯದೂ ಅಂಗಡಿಯಿಂದ ತಂದಂತೆಯೇ ಇದ್ದವು. ಸೇಠ್‌ಜಿಯ ದಪ್ಪ ಡಬ್ಬಿಗಳಿಗೆ ತಿಂಗಳುಗಳು ಬೇಕಾದದ್ದು, ನನ್ನ ಹಳೆಯ ಬಿಲ್ಲೆಗಳ ಪದರಕ್ಕೆ ಕ್ಷಣಗಳು ಸಾಕಾದದ್ದು ಯಾಕೆ ಎಂದು ಕೇಳುವವರಿಗೆ ಒಂದು ಲೆಕ್ಕ: ಆವಿ ಒಳಗೆ ಹರಡಲು ಬೇಕಾದ ಸಮಯ ಸಾಮಾನ್ಯವಾಗಿ ದಪ್ಪದ ವರ್ಗದಂತೆ ಏರುತ್ತದೆ. ದಪ್ಪ ಹತ್ತು ಪಟ್ಟಾದರೆ ಸಮಯ ನೂರು ಪಟ್ಟು.

ಮುಚ್ಚಳ ಸೊಟ್ಟಗಾದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಅಚ್ಚಿನೊಳಗೆ ಬಿಸಿ ಪ್ಲಾಸ್ಟಿಕನ್ನು ಒತ್ತಡದಿಂದ ನುಗ್ಗಿಸಿ ಬೇಗ ತಣ್ಣಗೆ ಮಾಡುವುದರಿಂದ ಸರಪಳಿಗಳು ಎಳೆದುಕೊಂಡ ಸ್ಥಿತಿಯಲ್ಲೇ ಹೆಪ್ಪುಗಟ್ಟಿರುತ್ತವೆ. ಮೆತ್ತಗಾದೊಡನೆ ಆ ಬಿಗಿ ಸಡಿಲಿಸಿಕೊಳ್ಳಲು ನೋಡುತ್ತವೆ. ಡಬ್ಬಿಯ ಆಕಾರ ಕೆಡುತ್ತದೆ. ಚಿನ್ನದ ಮಣಿಗಳನ್ನು ಭೂತಗನ್ನಡಿಯಲ್ಲಿ ನೋಡಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಪ್ಲಾಸ್ಟಿಕ್ ಮಣಿಯ ಮೇಲೆ ತೀರಾ ತೆಳುವಾದ ಲೋಹದ ಪದರ, ಅದರ ಮೇಲೆ ಬಣ್ಣದ ವಾರ್ನಿಷ್. ಒಡೆದು ಉದುರಿರಲಿಲ್ಲ. ಸುಕ್ಕುಗಟ್ಟಿತ್ತು, ಕಾಯಿಸಿದ ಹಾಲಿನ ಕೆನೆಯನ್ನು ಚಮಚದಿಂದ ಮೆಲ್ಲಗೆ ಒತ್ತಿದಾಗ ಆಗುವಂತೆ. ಅಡಿಯ ಪ್ಲಾಸ್ಟಿಕ್ ಮೆತ್ತಗಾಗಿ ಆಕಾರ ಬದಲಿಸಿದೆ, ಮೇಲಿನ ಗಡಸು ಪದರಕ್ಕೆ ಜಾಗ ಸಾಲದೆ ಮಡಿಕೆ ಬಿದ್ದಿದೆ. ಕನ್ನಡಿಗೆ ಸುಕ್ಕು ಬಂದರೆ ಹೊಳಪು ಎಲ್ಲಿಂದ ಬರಬೇಕು?

ಹತ್ತನೇ ದಿನ ನಾಲ್ಕು ಡಬ್ಬಿಗಳನ್ನೂ ಕೌಂಟರಿನ ಮೇಲಿಟ್ಟೆ. ಬೀರುವಿನಲ್ಲಿ ಯಾವ ಹಲಗೆಯಲ್ಲಿ ಎಷ್ಟು ಕೆಟ್ಟಿದೆ ಎಂದು ಹುಡುಗನೇ ಎಣಿಸಿ ಒಂದು ಚೀಟಿಯಲ್ಲಿ ಬರೆದಿದ್ದ. ಬಿಲ್ಲೆಗಳಿದ್ದ ಕೆಳಗಿನ ಹಲಗೆ ಪೂರ್ತಿ ಹೋಗಿತ್ತು, ನಡುವಿನದು ಅರ್ಧ, ಮೇಲಿನದರಲ್ಲಿ ಮಂಜು ಮಾತ್ರ. ಅದೇ ಕೆಳಗಿನ ಹಲಗೆಯಲ್ಲಿದ್ದ ಪಾಲಿಪ್ರೊಪಿಲೀನ್ ಡಬ್ಬಿಗಳು, ಆ ಹಾಲುಬಣ್ಣದ ಬಾಗುವ ಡಬ್ಬಿಗಳು, ಹಾಗೇ ಇದ್ದವು. ಆ ಪ್ಲಾಸ್ಟಿಕ್ಕಿನ ಬಹುಭಾಗ ಸ್ಫಟಿಕವಾಗಿ ಒತ್ತಾಗಿ ಕೂತಿರುತ್ತದೆ, ಆವಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಸೇಠ್‌ಜಿ ಬಾಗಿದ ಮುಚ್ಚಳವನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. "ನಾನs ಇಟ್ಟಿದ್ದೆ" ಅಂದರು, ನನಗೆ, ಕನ್ನಡದಲ್ಲಿ. ಹುಡುಗನಿಗೆ ತಮಿಳಿನಲ್ಲಿ ಏನೂ ಹೇಳಲಿಲ್ಲ. ಕ್ಷಮೆ ಕೇಳಲಿಲ್ಲ. ಆ ತಿಂಗಳ ಸಂಬಳ ಪೂರ್ತಿ ಕೊಟ್ಟರು, ಮತ್ತು ಮಧ್ಯಾಹ್ನ ಅವನನ್ನು ಕರೆದು ಬೀರುವಿನ ಬೀಗದ ಕೈ ಕೊಟ್ಟು ಮೇಲಿನ ಮಾಲು ಇಳಿಸಲು ಹೇಳಿದರಂತೆ. ಹಿಂದೆಂದೂ ಹಾಗೆ ಕೊಟ್ಟದ್ದಿಲ್ಲ ಎಂದು ಹುಡುಗ ನನಗೆ ಎರಡು ಸಲ ಹೇಳಿದ.

ಅಂದಹಾಗೆ ಮನೆಯಲ್ಲಿ ಬಟ್ಟೆಯ ಬೀರುವಿಗೆ ಈ ಬಿಲ್ಲೆಗಳನ್ನಾಗಲಿ ನುಸಿಗುಳಿಗೆಯನ್ನಾಗಲಿ ಇಡುವವರು ಒಂದು ವಿಷಯ ತಿಳಿದಿರಲಿ. ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಜಿ6ಪಿಡಿ ಕೊರತೆ ಇರುವ ಎಳೆಕೂಸುಗಳಿಗೆ ನುಸಿಗುಳಿಗೆಯ ಗಾಳಿ ಹಿಡಿದ ಬಟ್ಟೆಯಿಂದಲೂ ರಕ್ತಕಣಗಳು ಒಡೆಯುವ ಅಪಾಯವಿದೆ. ಬಾಣಂತನಕ್ಕೆ ಅಜ್ಜಿ ಪೆಟ್ಟಿಗೆಯಿಂದ ತೆಗೆದ ಹಳೆಯ ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕದೆ ಮಗುವಿಗೆ ಸುತ್ತಬೇಡಿ.

ಆ ವಾರವೇ ನನ್ನ ಜೂನಿಯರ್‌ನ ನಂಬರ್ ಹುಡುಕಿದೆ. ಹಳೆಯ ಕ್ಲಾಸ್‌ಮೇಟ್ ಒಬ್ಬಳ ಹತ್ತಿರ ಸಿಕ್ಕಿತು. ಈಗ ಒಂದು ಟೈರ್ ಕಂಪನಿಯಲ್ಲಿದ್ದಾನಂತೆ. ಸೀಸೆಯ ವಿಷಯವೆಲ್ಲ ಬರೆದು, ಅಳಿಸಿ, ಮತ್ತೆ ಬರೆದು ಕಳಿಸಿದೆ. ಎರಡು ನೀಲಿ ಗೆರೆ ಬಂದ ಮೇಲೆ ಒಂದೂವರೆ ದಿನ ಉತ್ತರವಿಲ್ಲ. ಆಮೇಲೆ, "ಅಕ್ಕ, ಅದು ಶನಿವಾರ ಅಲ್ಲ, ಭಾನುವಾರ. ನಾನು ಬಂದಾಗಲೇ ಟಾಲೂಯಿನ್ ವಾಸನೆ ಇತ್ತು. ಹೇಳಿದ್ರೆ ನಂಬ್ತಿದ್ರಾ?" ಎಂದು ಬಂತು. ಕೆಳಗೆ ಅವನ ಮಗಳ ಫೋಟೋ.

ಉತ್ತರ ಇನ್ನೂ ಬರೆದಿಲ್ಲ. ಬರೆಯಬೇಕು.

ಸೇಠ್‌ಜಿ ಕೆಟ್ಟ ಮಾಲನ್ನೆಲ್ಲ ತಾರಸಿಯ ಮೇಲೆ ನೆರಳಲ್ಲಿ ಹರವಿಸಿದ್ದರು. ಆವಿ ಹೊರಟುಹೋಗಿ ಮೂರ್ನಾಲ್ಕು ವಾರದಲ್ಲಿ ಅಂಟು ಹೋಯಿತು, ಪ್ಲಾಸ್ಟಿಕ್ ಮತ್ತೆ ಗಟ್ಟಿಯಾಯಿತು. ಮಂಜು ಮಾತ್ರ ಹೋಗಲಿಲ್ಲ. ಸೊಟ್ಟಗಾದವನ್ನು ಗುಜರಿಗೆ ಹಾಕಿದರು. ನೆಟ್ಟಗಿದ್ದವನ್ನು ಮೊನ್ನೆ ನೋಡಿದರೆ ಶೋಕೇಸಿನ ಮುಂದಿನ ಸಾಲಿನಲ್ಲೇ ಇಟ್ಟಿದ್ದಾರೆ. ಹುಡುಗ ಒಬ್ಬ ಗಿರಾಕಿಗೆ ಗಂಭೀರವಾಗಿ ತೋರಿಸುತ್ತಿದ್ದ: ಫ್ರಾಸ್ಟೆಡ್ ಡಿಸೈನ್, ಹೊಸದಾಗಿ ಬಂದಿದೆ, ಮಾಮೂಲಿಗಿಂತ ಡಜನ್ನಿಗೆ ಹತ್ತು ರೂಪಾಯಿ ಜಾಸ್ತಿ.